ಬರ್ಲಿನ್ ಬಿಟ್ಟು ಆಗ್ಸ್‌ಬರ್ಗ್‌ಗೆ ಹೋದ ಕಥೆ

‘ಜರ್ಮನಿಗೆ ಹೋಗಿ ಬರ್ಲಿನ್ ನೋಡ್ಲಿಲ್ವಾ?’

ಊರಿಗೆ ವಾಪಸಾಗಿ ಇಷ್ಟು ದಿನವಾದರೂ ಕಾಲೇಜಿನಲ್ಲಿ ಈ ಪ್ರಶ್ನೆ ನಿಂತಿಲ್ಲ. ಬರ್ಲಿನ್ ಇಲ್ಲ, ಹ್ಯಾಂಬರ್ಗ್ ಇಲ್ಲ, ಮ್ಯೂನಿಕ್ ಕೂಡ ಇಲ್ಲ ಎಂದಾಗ ಗೆಳತಿಯರು ನನ್ನನ್ನು ನೋಡುವ ರೀತಿ ಹೇಗಿರುತ್ತದೆ ಎಂದರೆ, ಮದುವೆಮನೆಗೆ ಹೋಗಿ ಊಟ ಮಾಡದೇ ಬಂದವಳನ್ನು ನೋಡಿದ ಹಾಗೆ. ಹಾಗಾದರೆ ಎಲ್ಲಿಗೆ ಹೋಗಿದ್ದೆ ಅಂತ ಕೇಳುತ್ತಾರೆ. ಟ್ಯೂಬಿಂಗನ್, ಎಸ್ಲಿಂಗನ್, ವೀಸ್‌ಲೋಹ್, ಆಗ್ಸ್‌ಬರ್ಗ್ ಎಂದರೆ, ‘ಇವೆಲ್ಲ ಯಾವ ಊರೇ?’ ಅಂತಾರೆ.

ಮೆಕ್ಯಾನಿಕಲ್ ಬಿ.ಇ. ಮೂರನೇ ವರ್ಷ ಮುಗಿಸಿದ ಮೇಲೆ, 2025ರ ಜೂನ್ ಮತ್ತು ಜುಲೈ ಎರಡು ತಿಂಗಳು ಸ್ಟುಟ್‌ಗಾರ್ಟ್‌ನ ಒಂದು ಪ್ರಯೋಗಾಲಯದಲ್ಲಿ ಇಂಟರ್ನ್‌ಷಿಪ್ ಸಿಕ್ಕಿತ್ತು. ಸ್ಟೈಪೆಂಡ್ ರೂಮಿನ ಬಾಡಿಗೆಗೂ ದಿನಸಿಗೂ ಸರಿಹೋಗುತ್ತಿತ್ತು. ವಿಮಾನದ ಟಿಕೆಟ್ಟಿಗೆ ಅಪ್ಪ ಚೀಟಿ ಎತ್ತಿದ್ದರು. ರಾಣೇಬೆನ್ನೂರಿನ ಪಿ.ಬಿ. ರಸ್ತೆಯಲ್ಲಿ ಅಪ್ಪನದು ಡೀಸೆಲ್ ಪಂಪ್ ರಿಪೇರಿ ಅಂಗಡಿ. ಲಾರಿ, ಟ್ರ್ಯಾಕ್ಟರ್‌ಗಳ ಪಂಪು, ನಾಝಲ್ ಬಿಚ್ಚಿ ತೊಳೆದು ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ಸೆಟ್ ಮಾಡಿಕೊಡುವುದು ಕೆಲಸ. ಹಾಗಾಗಿ ನಾನು ಖರ್ಚು ಮಾಡುವ ಒಂದೊಂದು ಯೂರೋ ಎಷ್ಟು ನಾಝಲ್ಲಿಗೆ ಸಮ ಎಂಬ ಲೆಕ್ಕ ತಲೆಯಲ್ಲಿ ತಾನಾಗಿಯೇ ಓಡುತ್ತಿತ್ತು.

ಹೋಗುವ ಮೊದಲೇ ಪಟ್ಟಿ ಸಿದ್ಧವಾಗಿತ್ತು. ನನ್ನದಲ್ಲ, ವಾಟ್ಸ್‌ಆ್ಯಪ್ ಗ್ರೂಪಿನದು. ಬರ್ಲಿನ್ ಗೋಡೆ, ಮ್ಯೂನಿಕ್, ಕಲೋನ್ ಚರ್ಚು, ಬ್ಲಾಕ್ ಫಾರೆಸ್ಟ್, ಕೊನೆಗೆ ನಾಯ್‌ಶ್ವಾನ್‌ಸ್ಟೈನ್ ಅರಮನೆ. ಒಟ್ಟು 11 ಊರು. ನನಗಿದ್ದದ್ದು ಎಂಟು ವಾರಾಂತ್ಯ. ಅದರಲ್ಲೇ ಬಟ್ಟೆ ಒಗೆಯಬೇಕು, ಲ್ಯಾಬ್ ರಿಪೋರ್ಟ್ ಬರೆಯಬೇಕು.

ಪಟ್ಟಿಗೆ ಮೊದಲು ಕತ್ತರಿ ಹಾಕಿದ್ದು ರೈಲಿನ ಟಿಕೆಟ್ಟು. ಅಲ್ಲಿ ‘ಡಾಯ್ಚ್‌ಲಾಂಡ್ ಟಿಕೆಟ್’ ಅಂತ ಒಂದು ಮಾಸಿಕ ಪಾಸ್ ಇದೆ. 2025ರಲ್ಲಿ ಅದರ ಬೆಲೆ 58 ಯೂರೋ, ಹೆಚ್ಚು ಕಡಿಮೆ 5,800 ರೂಪಾಯಿ. ಅದಿದ್ದರೆ ದೇಶದ ಯಾವ ಊರಿನಲ್ಲಾದರೂ ಸಿಟಿ ಬಸ್, ಟ್ರಾಮ್, ಲೋಕಲ್ ಮತ್ತು ಪ್ರಾದೇಶಿಕ ರೈಲು ಹತ್ತಬಹುದು. ಆದರೆ ಐಸಿಇಯಂಥ ವೇಗದ ರೈಲು ಹತ್ತುವಂತಿಲ್ಲ. ಆ್ಯಪ್‌ನಲ್ಲಿ ‘ಪ್ರಾದೇಶಿಕ ರೈಲು ಮಾತ್ರ’ ಎಂದು ಒತ್ತಿ ಬರ್ಲಿನ್ ಹಾಕಿ ನೋಡಿದರೆ ಹೋಗುವುದಕ್ಕೇ ಇಡೀ ಹಗಲು, ಮೂರ್ನಾಲ್ಕು ಕಡೆ ರೈಲು ಬದಲಿಸಬೇಕು. ಹೋಗಿ ಮುಟ್ಟುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಗುತ್ತದೆ. ಬರ್ಲಿನ್ ಹೋಯಿತು. ಹ್ಯಾಂಬರ್ಗ್ ಕೂಡ ಅದರ ಹಿಂದೆಯೇ ಹೋಯಿತು. ಮ್ಯಾಪಿನ ಮೇಲೆ ಸ್ಟುಟ್‌ಗಾರ್ಟ್ ಸುತ್ತ ಮೂರು ಗಂಟೆಯ ಒಂದು ವೃತ್ತ ಹಾಕಿಕೊಂಡೆ. (ಮುಂದೆ ಹೋಗುವವರಿಗೆ ಒಂದು ಮಾತು: ಈ ಪಾಸ್ ತಾನಾಗಿ ನಿಲ್ಲುವುದಿಲ್ಲ, ಚಂದಾ ಇದ್ದಂತೆ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಟ್ಟಬೇಕು. ಲ್ಯಾಬಿನ ಸೀನಿಯರ್ ಹೇಳಿದ್ದರಿಂದ ನಾನು 9ಕ್ಕೆ ನೆನಪಿಸಿಕೊಂಡು ಬಚಾವಾದೆ.)

ಆ ವೃತ್ತವನ್ನೂ ಮೀರಿ ಮೊದಲ ಶನಿವಾರವೇ ನಾಯ್‌ಶ್ವಾನ್‌ಸ್ಟೈನ್‌ಗೆ ಹೋದೆ. ಗ್ರೂಪಿನ ಒತ್ತಾಯ. ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿ, ಮುಗಿಯುವ ಮೊದಲೇ 1886ರಲ್ಲಿ ತೀರಿಕೊಂಡ. ಒಳಗೆ ಹೋಗುವ ಟಿಕೆಟ್ಟನ್ನು ಮುಂಚೆಯೇ ಬುಕ್ ಮಾಡಬೇಕೆಂದು ನಾನು ಓದಿಕೊಂಡಿರಲಿಲ್ಲ. ಬೆಟ್ಟ ಹತ್ತಿ, ಹೊರಗಿನಿಂದ ನೋಡಿ, ಸೇತುವೆ ಮೇಲೆ ನೂಕುನುಗ್ಗಲಿನಲ್ಲಿ ಒಂದು ಫೋಟೊ ತೆಗೆದು ಇಳಿದೆ. ಚೆಂದವಿಲ್ಲ ಎನ್ನಲಾರೆ. ಆದರೆ ಆ ಫೋಟೊ ನಾನು ಹೋಗುವ ಮೊದಲೂ ನನ್ನ ಫೋನಿನಲ್ಲಿ ಇತ್ತು. ರಾತ್ರಿ ರೂಮಿಗೆ ಬಂದು ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿನ್ನುವಾಗ, ಇನ್ನು ಮೇಲೆ ನನಗೇ ಏನಾದರೂ ಕೇಳಬೇಕೆನಿಸುವ ಊರಿಗೆ ಮಾತ್ರ ಹೋಗಬೇಕು ಅನ್ನಿಸಿತು.

ಮೊದಲು ಹೊಳೆದದ್ದು ಕಿಟೆಲ್. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಮೇಜಿನ ಮೇಲೆ ಇಡುತ್ತಿದ್ದ ದಪ್ಪ ನಿಘಂಟು ನೆನಪಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಾಡಿದ ಫರ್ಡಿನಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ. ನೆಕ್ಕಾರ್ ಹೊಳೆಯ ದಂಡೆಯಲ್ಲಿ ಹಳದಿ, ಗುಲಾಬಿ ಬಣ್ಣದ ಮನೆಗಳು, ನೀರಿನಲ್ಲಿ ಉದ್ದ ಕೋಲು ಊರಿ ದೋಣಿ ನೂಕುವ ವಿದ್ಯಾರ್ಥಿಗಳು. ಊರಿನ ಮೇಲಿರುವ ಕೋಟೆಯ ಅಡುಗೆಮನೆಯೊಂದು ಪ್ರಯೋಗಾಲಯವಾಗಿತ್ತಂತೆ. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಯುವಕ ಈಗ ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಅಲ್ಲೇ. ಅದಕ್ಕೆ ಅವನು ಬಳಸಿದ್ದು ಆಸ್ಪತ್ರೆಯಿಂದ ತಂದ, ಕೀವು ಹತ್ತಿದ ಬ್ಯಾಂಡೇಜು. ನಮ್ಮ ಕಾಲೇಜಿನ ಲ್ಯಾಬ್ ಸರಿಯಿಲ್ಲ ಎಂದು ಗೊಣಗುವುದನ್ನು ನಾನು ಅವತ್ತು ಒಂದು ದಿನದ ಮಟ್ಟಿಗೆ ನಿಲ್ಲಿಸಿದೆ.

ಸಂಜೆ ವಾಪಸ್ ಬರುವಾಗ ಇನ್ನೊಂದು ಹೆಸರು ಸಿಕ್ಕಿತು. ಅದೇ ಟ್ಯೂಬಿಂಗನ್‌ನಲ್ಲಿ ಓದಿದ ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು. ಅಂದರೆ ಕನ್ನಡದ ಮೊದಲ ಪತ್ರಿಕೆ ಅವರದು, ನೀವೀಗ ಕೈಯಲ್ಲಿ ಹಿಡಿದಿರುವುದು ಅದರ ವಂಶದ್ದು. ಅವರು 1881ರಲ್ಲಿ ಕೊನೆಯುಸಿರೆಳೆದ ಎಸ್ಲಿಂಗನ್ ನನ್ನ ರೂಮಿನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಇರಲಿಲ್ಲ. ಮುಂದಿನ ಭಾನುವಾರ ಅಲ್ಲಿಗೆ ಹೋದೆ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ಮರದ ಚೌಕಟ್ಟಿನ ಹಳೆ ಮನೆಗಳ ನಡುವೆ ಹಸಿದ ಹೊಟ್ಟೆಯಲ್ಲಿ ತಿರುಗಿದೆ. ನೀವು ಹೋದರೆ ಶನಿವಾರವೇ ಬ್ರೆಡ್ಡು ಕೊಂಡಿಟ್ಟುಕೊಳ್ಳಿ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಪ್ಪ ‘ಹ್ಞೂಂ, ಹ್ಞೂಂ’ ಎನ್ನುತ್ತಿದ್ದರು. ಅವರು ಕಿವಿ ನೆಟ್ಟಗೆ ಮಾಡಿಕೊಂಡಿದ್ದು ಬರ್ತಾ ಬೆಂಜ್ ಕಥೆಗೆ.

1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಮಾಡಿದ ಮೂರು ಗಾಲಿಯ ಕಾರಿನಲ್ಲಿ ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೊಮೀಟರಿಗೂ ಮೇಲಿನ ದಾರಿ. ಅಷ್ಟು ದೂರ ಅಲ್ಲಿಯವರೆಗೆ ಯಾರೂ ಕಾರಿನಲ್ಲಿ ಹೋಗಿರಲಿಲ್ಲ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ಇಂಧನ ಕಮ್ಮಿಯಾದಾಗ ವೀಸ್‌ಲೋಹ್ ಎಂಬ ಸಣ್ಣ ಊರಿನ ಔಷಧ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಕೊಂಡು ಹಾಕಿದರು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವರಿಂದ ಚರ್ಮ ಹೊಡೆಸಿದರು. ಆ ಔಷಧ ಅಂಗಡಿಯ ಮುಂದೆ ನಿಂತು ಫೋನ್ ಮಾಡಿದ್ದೆ.

‘ಪಿನ್ನಿಲೆ ಚುಚ್ಚಿದಳಾ? ಹಂಗಾದ್ರ ಅಕಿ ಮೆಕ್ಯಾನಿಕ್ಕ ಬಿಡವಾ’ ಅಂದರು ಅಪ್ಪ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, ‘ಪೆಟ್ರೋಲಿಂದು ಆತು. ನಮ್ಮ ಡೀಸೆಲ್ಲಿಂದು ಯಾವ ಊರಾಗ ಆತು?’ ಎಂದು ಕೇಳಿದರು.

ಮೂರು ವರ್ಷ ಥರ್ಮೋಡೈನಮಿಕ್ಸ್ ಪರೀಕ್ಷೆಗಳಲ್ಲಿ ಡೀಸೆಲ್ ಸೈಕಲ್ಲಿನ ಚಿತ್ರ ಬರೆದವಳಿಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿದೆ. ಆಗ್ಸ್‌ಬರ್ಗ್. ಉಲ್ಮ್‌ನಲ್ಲಿ ಒಂದು ರೈಲು ಬದಲಿಸಿದರೆ ಸುಮಾರು ಮೂರು ಗಂಟೆ. ವೃತ್ತದ ಅಂಚಿನಲ್ಲೇ ಇತ್ತು.

ಆದರೆ ಎರಡು ವಾರ ಅಲ್ಲಿಗೆ ಹೋಗುವುದನ್ನು ಮುಂದೂಡಿದೆ. ಕಾರಣ ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ನಾನು ಇಂಟರ್ನ್‌ಷಿಪ್ ಮಾಡುತ್ತಿದ್ದದ್ದು ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ಬಿಸಿಯಾಗದಂತೆ ತಂಪಾಗಿಡುವ ವಿಷಯದಲ್ಲಿ. ಮನೆಯಲ್ಲಿ ‘ಗಾಡಿಗಳ ಕೂಲಿಂಗ್ ಸಿಸ್ಟಮ್’ ಅಂತಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಜುಲೈ ಕೊನೆಯ ಶನಿವಾರ ಹೊರಟೆ. ಉಲ್ಮ್‌ನಲ್ಲಿ ಎರಡು ಗಂಟೆ ಇಳಿದೆ. 161.53 ಮೀಟರ್ ಎತ್ತರದ ಚರ್ಚಿನ ಗೋಪುರ ನೋಡಿ ಕತ್ತು ನೋವು ಬಂತು. 1377ರಲ್ಲಿ ಶುರುವಾದ ಕಟ್ಟಡ 1890ರಲ್ಲಿ ಮುಗಿಯಿತಂತೆ. ನಮ್ಮೂರಿನ ಮೇಲ್ಸೇತುವೆ ಬಗ್ಗೆ ಇನ್ನು ಮಾತಾಡುವುದಿಲ್ಲ. ಐನ್‌ಸ್ಟೈನ್ ಹುಟ್ಟಿದ ಊರೂ ಇದೇ.

ಆಗ್ಸ್‌ಬರ್ಗ್‌ನಲ್ಲಿ ಮೊದಲೇ ಪೆಟ್ಟು. ಡೀಸೆಲ್ ತನ್ನ ಎಂಜಿನ್ ಮಾಡಿದ ಕಾರ್ಖಾನೆಯ ಮ್ಯೂಸಿಯಂ ನೋಡಬೇಕೆಂದು ಹೋಗಿದ್ದೆ. ತೆರೆಯುವ ದಿನ, ಸಮಯ ವಿಚಾರಿಸದೇ ಹೋದದ್ದಕ್ಕೆ ಒಳಗೆ ಕಾಲಿಡಲಾಗಲಿಲ್ಲ. ಅರಮನೆಯಿಂದ ಪಾಠ ಕಲಿತಿದ್ದೇನೆ ಎಂದುಕೊಂಡಿದ್ದೆ, ಕಲಿತಿರಲಿಲ್ಲ. ಸುಮ್ಮನೆ ವಾಪಸ್ ಹೋಗಲು ಮನಸ್ಸಾಗದೆ ಫುಗ್ಗರಾಯ್ ನೋಡಿದೆ. ಯಾಕೋಬ್ ಫುಗ್ಗರ್ ಎಂಬ ಭಾರಿ ಶ್ರೀಮಂತ 1521ರಲ್ಲಿ ಊರಿನ ಬಡವರಿಗಾಗಿ ಕಟ್ಟಿಸಿದ ಮನೆಗಳ ಬಡಾವಣೆ ಅದು. ಇವತ್ತಿಗೂ ಅಲ್ಲಿ ಜನ ಇದ್ದಾರೆ. ವರ್ಷದ ಮೂಲ ಬಾಡಿಗೆ 88 ಸೆಂಟ್, ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ. ಸ್ಟುಟ್‌ಗಾರ್ಟ್‌ನಲ್ಲಿ ರೂಮ್ ಬಾಡಿಗೆ ಕಟ್ಟುತ್ತಿದ್ದ ನಾನು ಆ ಹಸಿರು ಬಳ್ಳಿ ಹಬ್ಬಿದ ಗೋಡೆಗಳ ಎದುರು ಬಹಳ ಹೊತ್ತು ನಿಂತೆ.

ಆಮೇಲೆ ವಿಟೆಲ್ಸ್‌ಬಾಖರ್ ಪಾರ್ಕ್. ಅಲ್ಲಿ ಮರಗಳ ಕೆಳಗೆ ದೊಡ್ಡ ದೊಡ್ಡ ಕಲ್ಲುಗಳನ್ನು ಜಪಾನಿ ರೀತಿಯಲ್ಲಿ ಜೋಡಿಸಿದ ಒಂದು ಜಾಗವಿದೆ. ಅದು ರುಡಾಲ್ಫ್ ಡೀಸೆಲ್ ಅವರ ಸ್ಮಾರಕ. ಕೊಟ್ಟವರು ಜರ್ಮನ್ನರಲ್ಲ, ಜಪಾನಿನ ಯಮಾವೊಕಾ ಮಾಗೊಕಿಚಿ. ಯಾನ್ಮಾರ್ ಕಂಪನಿ ಕಟ್ಟಿದವರು, 1933ರಲ್ಲಿ ರೈತರ ಕೈಗೆ ಸಿಗುವಂಥ ಸಣ್ಣ ಡೀಸೆಲ್ ಎಂಜಿನ್ ಮಾಡಿ ತೋರಿಸಿದವರು. ತನ್ನ ಬದುಕು ನಿಂತಿದ್ದ ಯಂತ್ರವನ್ನು ಕೊಟ್ಟವನ ನೆನಪಿಗೆಂದು 1957ರಲ್ಲಿ ಜಪಾನಿನಿಂದ ಕಲ್ಲು ತರಿಸಿ ಇಲ್ಲಿ ಇಡಿಸಿದರು.

ಕಲ್ಲಿನ ಪಕ್ಕ ಕೂತು ವಿಡಿಯೊ ಕಾಲ್ ಮಾಡಿದೆ. ಅಂಗಡಿಯಲ್ಲಿ ಬೆಂಚು ಓಡುತ್ತಿತ್ತು, ಅಪ್ಪ ಅದನ್ನು ಬಂದ್ ಮಾಡಿದರು. ಓದಿಕೊಂಡಿದ್ದನ್ನು ಹೇಳಿದೆ. ಪ್ಯಾರಿಸ್‌ನಲ್ಲಿ ಹುಟ್ಟಿ, ಯುದ್ಧ ಬಂದು ದಿಕ್ಕೆಟ್ಟಾಗ 12 ವರ್ಷದ ಹುಡುಗನಾಗಿ ಬಂಧುಗಳ ಮನೆಗೆಂದು ಈ ಊರಿಗೆ ಬಂದದ್ದು. 1893ರ ಆಗಸ್ಟ್ 10ರ ಮೊದಲ ಪರೀಕ್ಷೆಯಲ್ಲೇ ಒತ್ತಡ ಅಳೆಯುವ ಉಪಕರಣ ಸಿಡಿದದ್ದು. ಮತ್ತೆ ನಾಲ್ಕು ವರ್ಷ ಒದ್ದಾಡಿ 1897ರ ಫೆಬ್ರುವರಿಯಲ್ಲಿ ಶೇ 26.2ರಷ್ಟು ದಕ್ಷತೆ ತೋರಿಸಿದ್ದು. 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರಿ ಕಾಣೆಯಾದದ್ದು. ಆ ಮೊದಲ ಎಂಜಿನ್ನಿನ ಚಿತ್ರ ಕಳಿಸಿದೆ. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

‘ಇದರಾಗ ಪಂಪ್ ಎಲ್ಲೈತಿ?’

ಇಲ್ಲ ಎಂದೆ. ಡೀಸೆಲ್ ಇಂಧನ ಚಿಮ್ಮಿಸಲು ಒತ್ತಿದ ಗಾಳಿ ಬಳಸುತ್ತಿದ್ದ. ಅದಕ್ಕೇ ದೊಡ್ಡ ಕಂಪ್ರೆಸರ್ ಬೇಕಿತ್ತು, ಎಂಜಿನ್ ಲಾರಿಯಲ್ಲಿ ಕೂರುವಂತಿರಲಿಲ್ಲ. ಬಾಷ್ ಕಂಪನಿ 1927ರಲ್ಲಿ ಪಂಪ್ ತಯಾರಿಸಲು ಶುರು ಮಾಡಿದ ಮೇಲೆ ಡೀಸೆಲ್ ಲಾರಿಗಳಿಗೆ ದಾರಿಯಾಯಿತು.

‘ಬಾಷ್ ಯಾವ ಊರಿಂದು?’

ನಾನು ನಾಲಿಗೆ ಕಚ್ಚಿಕೊಂಡೆ. ‘ಸ್ಟುಟ್‌ಗಾರ್ಟ್.’

‘ಅಂದ್ರ ನೀ ಇರೋ ಊರು?’ ಅಪ್ಪ ನಕ್ಕರು. ನಂತರ ಅದೇ ದನಿಯಲ್ಲಿ, ‘ಬ್ಯಾಟರಿ ಗಾಡಿಗೆ ಪಂಪ್ ಇರಂಗಿಲ್ಲ ಅಲ್ಲಾ? ನೀ ಮಾಡಾಕತ್ತಿದ್ದು ಅದಽ ಅಲ್ಲೇನು?’ ಎಂದರು. ನಾನು ಹ್ಞೂಂ ಎಂದೆ. ‘ಮಾಡವಾ, ಚೆಂದಂಗ ಮಾಡು. ನನಗೇನು, ಇನ್ನೂ ಹತ್ತು ವರ್ಷ ಟ್ರ್ಯಾಕ್ಟರ್ ಅದಾವು’ ಎಂದು ಹೇಳಿ ಬೆಂಚಿನ ಸ್ವಿಚ್ ಹಾಕಿದರು.

ಮರುದಿನ ಭಾನುವಾರ, ಜರ್ಮನಿಯಲ್ಲಿ ನನ್ನ ಕೊನೆಯ ರಜೆ. ಬ್ಲಾಕ್ ಫಾರೆಸ್ಟಿಗೆ ಹೋಗಬೇಕೆಂದು ಮಾಡಿದ್ದ ಪ್ಲಾನ್ ಬಿಟ್ಟೆ. ರಾಬರ್ಟ್ ಬಾಷ್ 1886ರಲ್ಲಿ ಮೊದಲ ವರ್ಕ್‌ಶಾಪ್ ತೆರೆದದ್ದು ಸ್ಟುಟ್‌ಗಾರ್ಟ್‌ನ ರೋಟೆಬ್ಯೂಲ್ ರಸ್ತೆಯಲ್ಲಿ. ಎರಡು ತಿಂಗಳು ಎಷ್ಟೋ ಸಲ ದಾಟಿದ್ದ ರಸ್ತೆ. ಮಳೆ ಹನಿಯುತ್ತಿತ್ತು. ರಸ್ತೆಯ ಹೆಸರಿನ ಬೋರ್ಡಿನ ಫೋಟೊ ತೆಗೆದು ಅಪ್ಪನಿಗೆ ಕಳಿಸಿ, ರೂಮಿಗೆ ಬಂದು ಬ್ಯಾಗ್ ತುಂಬತೊಡಗಿದೆ.

ಅರ್ಧ ಗಂಟೆ ಬಿಟ್ಟು ವಾಯ್ಸ್ ಮೆಸೇಜ್ ಬಂತು. ‘ಫೋಟೊ ವಾರಿ ಬಂದೈತಿ ನೋಡು. ಅಂಗಡ್ಯಾಗ ಕಟ್ಟು ಹಾಕಿಸಿ ಇಡಬೇಕು. ನೆಟ್ಟಗ ಇನ್ನೊಂದು ತಗದು ಕಳಸು.’

ಪಾಸ್ ಇನ್ನೂ ಚಾಲ್ತಿಯಲ್ಲಿತ್ತು. ಛತ್ರಿ ತೆಗೆದುಕೊಂಡು ಮತ್ತೆ ಹೊರಟೆ.