ಲಂಟಾನವೂ ತರಗು ಬೆಂಕಿಯೂ

ದಿಲ್ಲಿಯ ರಿಡ್ಜ್‌ನಲ್ಲಿ ಸಂಜೆ ತಿರುಗಾಡುವ ನಮ್ಮ ಸಂಘದ ಮಿತ್ರರೆಲ್ಲ ಲಂಟಾನದ ಹಳದಿ-ಗುಲಾಬಿ ಹೂಗೊಂಚಲನ್ನು ಕಂಡವರೇ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ತಂದರು. ಬಂದ ನೆಂಟ ಮನೆಯನ್ನೇ ಹಿಡಿದುಕೊಂಡ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಆಳೆತ್ತರ ಬೆಳೆದ ಕಡೆ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದಿದ್ದರೆ ಕಡವೆ, ಜಿಂಕೆ, ಕಾಟಿಗೆ ಮೇವಿಲ್ಲ. ಅವಿಲ್ಲದಿದ್ದರೆ ಹುಲಿ ಏನು ತಿಂದೀತು?

ಕಡಿದು ಬಿಸಾಕಿದರಾಯ್ತಲ್ಲ ಅಂತ ನೀವು ಕೇಳಬಹುದು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅಗೆದರೆ ಮಣ್ಣು ಸಡಿಲವಾಗಿ, ಬಿದ್ದಿದ್ದ ಬೀಜಗಳು ಮೊಳೆಯುತ್ತವೆ. ನಮ್ಮ ದಿಲ್ಲಿ ವಿಶ್ವವಿದ್ಯಾನಿಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಕಾಡಿನಲ್ಲಿ ಬಳಸಿದ ಉಪಾಯ ಬೇರೆ. ನೆಲಮಟ್ಟದಿಂದ 3-5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗಾಗಿ ಇಟ್ಟು ಒಣಗಿಸುವುದು. ಆಮೇಲೆ ಅಲ್ಲಿನದೇ ಹುಲ್ಲು ಬೆಳೆಸಬೇಕು. ಹಕ್ಕಿಗಳು ಕೂರುವ ಮರಗಳ ಕೆಳಗೆ ಮತ್ತೆ ಮತ್ತೆ ಹೋಗಿ ಸಸಿ ಕೀಳಬೇಕು. ಹಣ್ಣು ತಿಂದ ಹಕ್ಕಿ ಬೀಜ ಉದುರಿಸುವುದು ಅಲ್ಲೇ. ಇಷ್ಟು ವರ್ಷ ಯಾರು ಕಾಯುತ್ತಾರೆ? ಗುತ್ತಿಗೆದಾರನಂತೂ ಅಲ್ಲ.

ಬೆಟ್ಟದಲ್ಲಿ ಕಾಯುವವರು ಇದ್ದಾರೆ: ಸೋಲಿಗರು. ತಮ್ಮ ಮನೆಯ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ರಂಗಸ್ವಾಮಿಯನ್ನೇ ‘ಬಾವ’ ಅನ್ನುವ ಜನ. ಹಿಂದೆ ಅವರು ಬಿಸಿಲು ಬಲಿಯುವ ಮೊದಲೇ ಒಣ ತರಗೆಲೆಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಅಂತ ಹೆಸರು. ನೆಲದಲ್ಲೇ ಹರಿದು ಆರುವ ಆ ಬೆಂಕಿಗೆ ಲಂಟಾನದ ಸಸಿ ಸಾಯುತ್ತಿತ್ತು, ನೆಲ್ಲಿಮರದ ಬಂದಳಿಕೆ ಹದ್ದಿನಲ್ಲಿರುತ್ತಿತ್ತು, ಹುಲ್ಲು ಚಿಗುರುತ್ತಿತ್ತು ಎನ್ನುತ್ತಾರೆ. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಬೆಂಕಿಯೂ ಹಳೆಯ ಬೇಸಾಯವೂ ನಿಂತವು, ಜನ ಪೋಡುಗಳಲ್ಲಿ ನೆಲೆಸಬೇಕಾಯಿತು. ಅಲ್ಲಿಂದಲೇ ಲಂಟಾನ ಹಬ್ಬಿತು ಎಂಬುದು ಅವರ ವಾದ. 1997ರಲ್ಲಿ ಅಳೆದ ಕಾಡನ್ನೇ 2008ರಲ್ಲಿ ಸಂಶೋಧಕರು ಮತ್ತೆ ಅಳೆದಾಗ ಲಂಟಾನ ಕಂಡ ಜಾಗಗಳು ಸುಮಾರು ಇಮ್ಮಡಿಯಾಗಿದ್ದವು. ಈಗ ಸುಮ್ಮನೆ ಹಳೇ ಬೆಂಕಿ ಹಾಕೋಣ ಅಂದ್ರೂ ಆಗದು. ಒಣ ಪೊದೆಯನ್ನೇ ಏಣಿ ಮಾಡಿಕೊಂಡು ಬೆಂಕಿ ಮರದ ನೆತ್ತಿಗೇರುತ್ತದೆ. ಮೊದಲು ಪೊದೆ ಹೋಗಬೇಕು.

ಪೊದೆಯಿಂದ ಕೂಲಿ ಹುಟ್ಟಿಸುವ ಯತ್ನಗಳೂ ನಡೆದಿವೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆದರು. ನೀಲಗಿರಿಯ ಗೂಡಲೂರಿನ ಬುಡಕಟ್ಟು ಜನ ಲಂಟಾನದಲ್ಲೇ ಕಟ್ಟಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಒಳ್ಳೆಯದೇ. ಆದರೆ ಕುರ್ಚಿ ಮಾರಿ ಬೆಟ್ಟ ಬರಿದಾಗುವಷ್ಟು ಲಂಟಾನ ಅಲ್ಲಿಲ್ಲ, ಅದಕ್ಕಿಂತ ಬಹಳ ಹೆಚ್ಚಿದೆ.

ನನಗೆ ಮುಖ್ಯವೆನಿಸುವುದು ಬೇರೆ. 2011ರಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಡಿ, ಸೋಲಿಗರಿಗೆ ಸಮುದಾಯ ಹಕ್ಕೂ ಬಂತು. ಆ ಕಾಯಿದೆ ಜೇನು, ನೆಲ್ಲಿಗೆ ಮಾತ್ರವಲ್ಲ, ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಡುತ್ತದೆ. ಹಾಗಿದ್ದ ಮೇಲೆ ಒಂದೆರಡು ಎಕರೆ ಲಂಟಾನ ತೆಗೆದು, ಪೋಡಿನ ಹಿರಿಯರ ಕೈಯಲ್ಲೇ ತರಗು ಬೆಂಕಿ ಹಾಕಿಸಿ, ನಾಲ್ಕೈದು ವರ್ಷ ಹುಲ್ಲನ್ನೂ ಕಡವೆಯ ಹೆಜ್ಜೆಯನ್ನೂ ಎಣಿಸಿ ನೋಡುವುದಕ್ಕೆ ಏನು ಅಡ್ಡಿ?