ಬಕೀಟಿನ ನೀರಿನಲ್ಲಿ ಅಡಗಿದ ವಿದ್ಯುತ್ತು

ಉತ್ತರ ಬೆಂಗಳೂರಿನ ತಣಿಸಂದ್ರದಂತಹ ಬಡಾವಣೆಗಳಲ್ಲಿ ಮನೆಯ ಮೇಲಿನ ತೊಟ್ಟಿ ತುಂಬಿ ನೀರು ಬೀದಿಗೆ ಹರಿಯುವುದನ್ನು ನಾವು ಕಾಣುತ್ತೇವೆ. ಪೋಲಾದುದು ನೀರಷ್ಟೆ ಎಂದು ಭಾವಿಸುತ್ತೇವೆ. ಅದು ಕಾವೇರಿಯ ನೀರಾಗಿದ್ದರೆ, ಅದರೊಡನೆ ವಿದ್ಯುತ್ತೂ ಹರಿದುಹೋಯಿತೆಂದೇ ತಿಳಿಯಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಕಾವೇರಿಯಾದರೋ ಸುಮಾರು 100 ಕಿಲೋಮೀಟರು ದೂರದ ತಗ್ಗಿನಲ್ಲಿ ಹರಿಯುತ್ತದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡ ನೀರನ್ನು ನಗರಕ್ಕೆ ತರಲು ಪಂಪುಗಳು ಮೂರು ಹಂತಗಳಲ್ಲಿ, ಸುಮಾರು 500 ಮೀಟರು ಎತ್ತರಕ್ಕೆ ಸಮನಾದ ಒತ್ತಡವನ್ನೆದುರಿಸಿ ದುಡಿಯಬೇಕು.

ಲೆಕ್ಕ ಹಾಕಿ ನೋಡೋಣ. ಒಂದು ಬಕೀಟು ನೀರೆಂದರೆ 20 ಲೀಟರು, ಅಂದರೆ 20 ಕಿಲೋಗ್ರಾಮು. ಇದನ್ನು ಗುರುತ್ವದ ವೇಗೋತ್ಕರ್ಷವಾದ 9.8ರಿಂದಲೂ ಎತ್ತರವಾದ 500ರಿಂದಲೂ ಗುಣಿಸಿದರೆ 98,000 ಜೂಲು ಬರುತ್ತದೆ. ಇಷ್ಟು ಶಕ್ತಿಯಿಂದ 9 ವ್ಯಾಟಿನ ಎಲ್‌ಇಡಿ ದೀಪವು ಮೂರು ಗಂಟೆ ಉರಿಯಬಲ್ಲದು! ಪಂಪುಗಳಲ್ಲಾಗುವ ನಷ್ಟವನ್ನು ಸೇರಿಸಿದರೆ ವೆಚ್ಚ ಇನ್ನೂ ಹೆಚ್ಚು.

1902ರಲ್ಲಿ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಇಂದು ಅದೇ ನದಿಯ ನೀರನ್ನು ಮೇಲೆತ್ತಲು ನಾವು ವಿದ್ಯುತ್ತನ್ನು ವ್ಯಯಿಸುತ್ತಿದ್ದೇವೆ.

ಕಥೆ ಇಲ್ಲಿಗೇ ಮುಗಿಯದು. ಬಳಸಿದ ನೀರು ಕೊಳಚೆಯಾಗಿ ಕೆರೆಯನ್ನು ಸೇರಿದರೆ, ಕಲ್ಮಷವನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕಬಳಿಸುತ್ತವೆ. ಮೀನುಗಳಿಗೆ ಉಸಿರು ಕಟ್ಟುತ್ತದೆ. 2016ರಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಕೊಳಚೆಯನ್ನು ಶುದ್ಧಗೊಳಿಸಲು ಅದರೊಳಕ್ಕೆ ಗಾಳಿಯನ್ನು ಊದಬೇಕು. ಅದಕ್ಕೂ ವಿದ್ಯುತ್ತೇ ಬೇಕು.

ಆದುದರಿಂದ ಸೋರುವ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದವನು ಒಂದು ದೀಪವನ್ನೂ ಆರಿಸಿದಂತಾಯಿತು.