ಸಂಶೋಧನೆಗೆ ದ್ರವ್ಯಬಲ

ವಿದ್ಯೆಗೆ ಬಡತನವೇ ಭೂಷಣವೆಂದು ವಿದ್ವಾಂಸರನ್ನು ಬರಿಗೈಯಲ್ಲಿ ಕಳುಹಿಸುವ ಮಂತ್ರಿಗಳು, ಇಟಲಿಯ ನರವಿಜ್ಞಾನಿ ರೀತಾ ಲೆವಿ-ಮೊಂತಾಲ್ಚೀನಿಯವರ ಚರಿತ್ರೆಯನ್ನು ಓದತಕ್ಕದ್ದು.

1938ರಲ್ಲಿ ಮುಸೋಲಿನಿಯ ಶಾಸನವು ಯೆಹೂದ್ಯರಾದ ಈಕೆಗೆ ವಿಶ್ವವಿದ್ಯಾನಿಲಯದ ಬಾಗಿಲನ್ನು ಮುಚ್ಚಿತು. ಮಲಗುವ ಕೋಣೆಯೇ ಪ್ರಯೋಗಶಾಲೆಯಾಯಿತು. ಹೊಲಿಗೆಯ ಸೂಜಿಯೇ ಶಸ್ತ್ರವಾಯಿತು. ಕೋಳಿಮೊಟ್ಟೆಯೊಳಗಣ ಭ್ರೂಣದಲ್ಲಿ ನರಗಳು ಬೆಳೆಯುವ ಬಗೆಯನ್ನು ಅಲ್ಲಿಯೇ ಪರೀಕ್ಷಿಸಿದರು. ಆದರೆ ನರಗಳನ್ನು ಬೆಳೆಯಿಸುವ ಸತ್ವವು ಕೈಗೆ ಸಿಕ್ಕಿದ್ದು, ಅಮೆರಿಕೆಯ ಸೇಂಟ್ ಲೂಯಿ ನಗರದ ವಿಶ್ವವಿದ್ಯಾನಿಲಯದಲ್ಲಿ ಸಂಬಳ, ಸಲಕರಣೆ ಮತ್ತು ರಸಾಯನಜ್ಞ ಸ್ಟ್ಯಾನ್ಲಿ ಕೋಹೆನರ ಸಹಕಾರ ದೊರೆತ ಮೇಲೆಯೇ. 1986ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು.

2006ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ, ಸೆನೆಟಿನ ಸದಸ್ಯೆಯಾಗಿ, ಸಂಶೋಧನೆಯ ಹಣವನ್ನು ಕಡಿದರೆ ಆಯವ್ಯಯಕ್ಕೆ ತಮ್ಮ ಮತವಿಲ್ಲವೆಂದರು, ಮಂತ್ರಿಮಂಡಲವು ಮಣಿಯಿತು. ಸೂಜಿಯಿಂದಲೇ ಸಾಧಿಸಿದಾಕೆಯ ಈ ಮಾತಿಗೆ ನಾವು ಹೆಚ್ಚಿನ ಬೆಲೆ ಕೊಡುತ್ತೇವೆ. ಪ್ರತಿಭೆಯು ಕಷ್ಟವನ್ನು ಸಹಿಸೀತು. ಆ ಸಹನೆಯನ್ನೇ ಸರ್ಕಾರವು ಮಿತವ್ಯಯಕ್ಕೆ ನೆಪಮಾಡಿಕೊಳ್ಳಲಾಗದು.